ಶಂಖದ ಬಿಲ್ಲೆ ಅಸಲಿಯೋ ನಕಲಿಯೋ: ಕೊಚ್ಚಿ, ತಿರುವಾಂಕೂರಿನ ಯುದ್ಧಕಾಲದ ಲಾಂಛನಗಳು

ಮಟ್ಟಂಚೇರಿಯ ಜ್ಯೂ ಟೌನ್ ಬೀದಿಯಲ್ಲಿ ಒಂದು ಕಾಲಕ್ಕೆ ಮೆಣಸು, ಶುಂಠಿ, ಏಲಕ್ಕಿಯ ಗೋದಾಮುಗಳಿದ್ದವು. ಈಗ ಅಲ್ಲಿ ಹಳೆಯ ಸಾಮಾನಿನ ಅಂಗಡಿಗಳದೇ ದರಬಾರು. 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ನೋಡಿ ಹೊರಬಂದವರನ್ನು ಹಿತ್ತಾಳೆಯ ದಿಕ್ಸೂಚಿ, ಹಡಗಿನ ಗಂಟೆ, ದುರ್ಬೀನು, ಗ್ರಾಮಫೋನು ಸಾಲಾಗಿ ಕರೆಯುತ್ತವೆ. ಒಳಗೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ತಟ್ಟೆ ಕಾಣಸಿಗುವುದುಂಟು. ಅದರಲ್ಲಿ ಸೈನಿಕರ ಟೋಪಿಯ ಬಿಲ್ಲೆಗಳು, ಅಂಗಿಯ ಗುಂಡಿಗಳು, ಭುಜಕ್ಕೆ ಸಿಕ್ಕಿಸುವ ಹಿತ್ತಾಳೆ ಅಕ್ಷರಗಳು, ರಿಬ್ಬನ್ ಮಾಸಿದ ಒಂದೆರಡು ಪದಕಗಳು. ಎಲ್ಲದಕ್ಕೂ ಒಂದೇ ವಿವರಣೆ: ‘ವರ್ಲ್ಡ್ ವಾರ್, ಸಾರ್, ಒರಿಜಿನಲ್.’

ಉದ್ಯೋಗಕ್ಕೋ ಓದಿಗೋ ಈ ಊರುಗಳಿಗೆ ಬಂದ ನಮ್ಮಂಥವರಿಗೆ ಭಾನುವಾರದ ತಿರುಗಾಟದಲ್ಲಿ ಇಂಥದೊಂದು ಬಿಲ್ಲೆ ಕೊಳ್ಳುವ ಆಸೆ ಹುಟ್ಟುವುದು ಸಹಜ. ಅಂಗೈಯಗಲದ ಹಿತ್ತಾಳೆ ತುಂಡು, ಜೇಬಿಗೂ ತೀರಾ ಭಾರವಲ್ಲ, ಒಂದು ಮಹಾಯುದ್ಧವೇ ಕೈಗೆ ಬಂದ ಹಾಗೆ. ಆದರೆ ಅದು ನಿಜಕ್ಕೂ ಆ ಕಾಲದ್ದೇ? ಹಿತ್ತಾಳೆಯ ಎರಕಕ್ಕೆ ಮೊರಾದಾಬಾದು, ಹಡಗಿನ ಉಪಕರಣಗಳ ಪ್ರತಿಕೃತಿಗೆ ರೂರ್ಕಿ, ಜರಿ ಕಸೂತಿಯ ಬಿಲ್ಲೆಗೆ ಗಡಿಯಾಚೆಯ ಸಿಯಾಲ್‌ಕೋಟ್ ಹೆಸರಾದ ಊರುಗಳು. ಸಿನಿಮಾಕ್ಕೆ, ನಾಟಕಕ್ಕೆ, ಅಲಂಕಾರಕ್ಕೆ ಎಂದು ಮಾಡಿದ ಮಾಲು ಪ್ರಾಮಾಣಿಕವಾಗಿಯೇ ಹೊರಡುತ್ತದೆ. ಮೂರು ಕೈ ದಾಟುವಷ್ಟರಲ್ಲಿ ಅದಕ್ಕೊಂದು ಯುದ್ಧ, ಒಂದು ಪಟಾಲಂ, ಕೆಲವೊಮ್ಮೆ ಒಬ್ಬ ಸತ್ತ ಸಿಪಾಯಿ ಕೂಡ ಅಂಟಿಕೊಂಡಿರುತ್ತಾನೆ.

ನಕಲಿ ಗುರುತಿಸಲು ಇಂಗ್ಲಿಷಿನಲ್ಲಿ ಪುಸ್ತಕಗಳಿಗೆ ಬರವಿಲ್ಲ. ಬ್ರಿಟಿಷ್ ಸೇನೆಯ ಟೋಪಿ ಬಿಲ್ಲೆಗಳ ಬಗ್ಗೆ ಕಿಪ್ಲಿಂಗ್ ಮತ್ತು ಕಿಂಗ್ ಎಂಬಿಬ್ಬರು 1970ರ ದಶಕದಲ್ಲಿ ಮಾಡಿದ ಪಟ್ಟಿ ಸಂಗ್ರಾಹಕರ ಪಾಲಿಗೆ ಪಂಚಾಂಗವಿದ್ದಂತೆ. ತೊಂದರೆ ಏನೆಂದರೆ, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಮಾಲಿಗೆ ಸರಿಹೊಂದುವ ನಿಯಮಗಳು ನಮ್ಮ ನೆಲದ ಬಿಲ್ಲೆಗೆ ಪೂರ್ತಿ ಸರಿಹೊಂದುವುದಿಲ್ಲ. ಅವನ್ನು ಕಣ್ಣುಮುಚ್ಚಿ ನಂಬಿದರೆ ಅಸಲಿಯನ್ನು ಬಿಸಾಕಿ ನಕಲಿಯನ್ನು ಮನೆಗೆ ತರುವ ಸಂಭವವೇ ಹೆಚ್ಚು. ಇಲ್ಲಿ ಲೋಹಕ್ಕಿಂತ ಮೊದಲು ಚರಿತ್ರೆ ತಿಳಿದಿರಬೇಕು.

ಶಂಖ ಎಲ್ಲಿಂದ ಬಂತು

ತಿರುವಾಂಕೂರಿನ ಗುರುತು ಶಂಖ. 1750ರ ಜನವರಿಯಲ್ಲಿ ಮಾರ್ತಾಂಡ ವರ್ಮ ತನ್ನ ರಾಜ್ಯವನ್ನೆಲ್ಲ ಶ್ರೀ ಪದ್ಮನಾಭನಿಗೆ ಒಪ್ಪಿಸಿ, ತಾನು ದೇವರ ದಾಸನಾಗಿ ಆಳುವುದಾಗಿ ಸಾರಿದ. ಅಲ್ಲಿಂದಾಚೆಗೆ ವಿಷ್ಣುವಿನ ಶಂಖ ಸರ್ಕಾರದ ಮುದ್ರೆಯೂ ಹೌದು. ನಾಣ್ಯದ ಮೇಲೆ ಶಂಖ, 1888ರಲ್ಲಿ ಹೊರಬಂದ ಸಂಸ್ಥಾನದ ‘ಅಂಚಲ್’ ಅಂಚೆಚೀಟಿಯ ಮೇಲೆ ಶಂಖ, ಸಿಪಾಯಿಯ ಬಿಲ್ಲೆಯ ಮೇಲೂ ಶಂಖ. ಇವತ್ತಿನ ಕೇರಳ ಸರ್ಕಾರದ ಲಾಂಛನದಲ್ಲಿ ಎರಡು ಆನೆಗಳ ನಡುವೆ ಕಾಣುವುದು ಇದೇ ಶಂಖ. ನಮ್ಮ ಮೈಸೂರಿನ ಗಂಡಭೇರುಂಡ ಕರ್ನಾಟಕದ ರಾಜ್ಯಲಾಂಛನಕ್ಕೆ ದಾಟಿಬಂದ ಹಾಗೆಯೇ.

ಈ ಶಂಖ ಧರಿಸಿದ ಸೈನ್ಯಕ್ಕೆ ಉದ್ದದ ಚರಿತ್ರೆಯಿದೆ. 1741ರಲ್ಲಿ ಕೊಳಚ್ಚಲ್ ಕಡಲತೀರದಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿದ್ದು ಇದರ ಪೂರ್ವಿಕರು. ಆಗ ಸೆರೆಸಿಕ್ಕ ಡಿ ಲನೋಯ್ ಎಂಬ ಅಧಿಕಾರಿಯೇ ಮುಂದೆ ಮಾರ್ತಾಂಡ ವರ್ಮನ ಸೇನೆಗೆ ಯುರೋಪಿನ ಕವಾಯತು ಕಲಿಸಿ ‘ವಲಿಯ ಕಪ್ಪಿತ್ತಾನ್’ ಎನಿಸಿಕೊಂಡ. 1777ರಲ್ಲಿ ತೀರಿಕೊಂಡ ಅವನ ಸಮಾಧಿ ಉದಯಗಿರಿ ಕೋಟೆಯಲ್ಲಿದೆ. 1809ರಲ್ಲಿ ವೇಲುತಂಪಿ ದಳವಾಯಿಯ ದಂಗೆ ಸೋತ ಮೇಲೆ ಬ್ರಿಟಿಷರು ನಾಯರ್ ಪಡೆಗಳನ್ನು ವಿಸರ್ಜಿಸಿದರು. ಕೆಲವು ವರ್ಷಗಳ ನಂತರ ಅರಮನೆಯ ಕಾವಲು, ಉತ್ಸವದ ಮೆರವಣಿಗೆಗೆಂದು ಮತ್ತೆ ಕಟ್ಟಿದ ಪಡೆಗೆ 1830ರಲ್ಲಿ ನಾಯರ್ ಬ್ರಿಗೇಡ್ ಎಂಬ ಹೆಸರು ಬಂತು. 1935ರಲ್ಲಿ ಸಂಸ್ಥಾನವು ಭಾರತೀಯ ಸಂಸ್ಥಾನ ಪಡೆಗಳ ವ್ಯವಸ್ಥೆಗೆ ಸೇರಿದಾಗ ಆ ಹೆಸರು ಹೋಗಿ ‘ಒಂದನೇ ತಿರುವಾಂಕೂರು ನಾಯರ್ ಇನ್‌ಫೆಂಟ್ರಿ’ ಎಂದಾಯಿತು. 1949ರ ಜುಲೈ 1ರಂದು ತಿರುವಾಂಕೂರು, ಕೊಚ್ಚಿ ಒಂದಾದವು. 1954ರಲ್ಲಿ ತಿರುವಾಂಕೂರಿನ ಎರಡು ಪದಾತಿ ದಳಗಳು ಮದ್ರಾಸ್ ರೆಜಿಮೆಂಟಿನ 9ನೇ ಮತ್ತು 16ನೇ ಬೆಟಾಲಿಯನ್ನುಗಳಾದವು.

ತಿರುವನಂತಪುರದಲ್ಲಿರುವವರು ದಿನಾ ಬಸ್ಸಿಳಿಯುವ ಪಾಳಯಂ ಎಂಬ ಜಾಗದ ಹೆಸರು ಈ ಸೈನ್ಯದ್ದೇ ಉಳಿಕೆ. ನಮ್ಮ ಬೆಂಗಳೂರಿನ ಪಾಳ್ಯಗಳ ಹಾಗೆ ಅದೂ ದಂಡು ಬೀಡುಬಿಟ್ಟ ಜಾಗ. ದಂಡು ಆಮೇಲೆ ಪಾಂಗೋಡಿಗೆ ಹೋಯಿತು, ಹೆಸರು ಮಾತ್ರ ಹಳೆಯ ಜಾಗದಲ್ಲೇ ನಿಂತಿತು.

ಇಷ್ಟೆಲ್ಲ ಇಸವಿ ಯಾಕೆ ಹೇಳಿದೆನೆಂದರೆ, ಬಿಲ್ಲೆ ನೋಡುವವನ ಮೊದಲ ಸಲಕರಣೆ ಇವೇ. ‘ಎರಡನೇ ಮಹಾಯುದ್ಧಕ್ಕೆಂದೇ ಮಾಡಿಸಿದ ನಾಯರ್ ಬ್ರಿಗೇಡ್ ಬಿಲ್ಲೆ’ ಎಂದು ಯಾರಾದರೂ ಕೊಟ್ಟರೆ ಅಲ್ಲೇ ಒಂದು ಪ್ರಶ್ನೆ ಏಳಬೇಕು. ಆ ಯುದ್ಧ ಶುರುವಾದದ್ದು 1939ರಲ್ಲಿ, ಬ್ರಿಗೇಡ್ ಎಂಬ ಹೆಸರು ಹೋದದ್ದು 1935ರಲ್ಲಿ. ಹಳೆಯ ದಾಸ್ತಾನು ತೀರುವವರೆಗೆ ಬಳಸಿರಬಹುದು ಎಂಬ ವಾದಕ್ಕೆ ಜಾಗವಿದೆ. ಆದರೆ ಹಾಗಿದ್ದರೆ ಅದು ಬಳಸಿ ಸವೆದಿರಬೇಕು, ನಿನ್ನೆ ಅಚ್ಚಿನಿಂದ ಬಿದ್ದಂತೆ ಇರಬಾರದು. ಎರಡೂ ಸಂಸ್ಥಾನಗಳ ಹೆಸರು ಒಟ್ಟಿಗೆ ಇದ್ದರೆ 1949ರ ಜುಲೈಗಿಂತ ಹಿಂದಿನದ್ದಲ್ಲ, ಯಾವ ಮಹಾಯುದ್ಧಕ್ಕೂ ಅದು ಸೇರದು.

ಕೊಚ್ಚಿ ಸಂಸ್ಥಾನದ ಲಾಂಛನ ಬೇರೆ. ಪಲ್ಲಕ್ಕಿ, ದೀಪ, ಕೊಡೆ, ಅವುಗಳ ಜೊತೆ ಶಂಖ. ಶಂಖ ಎರಡರಲ್ಲೂ ಇರುವುದರಿಂದ ಮಾರುವವರು ಒಂದನ್ನು ಇನ್ನೊಂದಾಗಿ ಕರೆಯುವುದು ಸುಲಭ. ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸಿನಲ್ಲಿ ಕೊಚ್ಚಿ ಅರಸರ ವಸ್ತುಗಳನ್ನು ಇಟ್ಟಿದ್ದಾರೆ. ಲಾಂಛನದ ವಿವರಗಳನ್ನು ಅಲ್ಲಿ ಒಮ್ಮೆ ನಿಧಾನವಾಗಿ ನೋಡಿಕೊಂಡು ಬಂದರೆ ಅಂಗಡಿಯ ವಿವರಣೆಗೆ ಕಿವಿಗೊಡುವ ಅಗತ್ಯ ಅರ್ಧ ಕಡಿಮೆಯಾಗುತ್ತದೆ.

ನೌಕಾಪಡೆಯ ಸಾಮಾನು

ಕೊಚ್ಚಿಯಲ್ಲಿ ಸಂಸ್ಥಾನದ ಬಿಲ್ಲೆಗಳಿಗಿಂತ ಹೆಚ್ಚಾಗಿ ಕಾಣುವುದು ನೌಕಾಪಡೆಯ ಸಾಮಾನು. ರಾಬರ್ಟ್ ಬ್ರಿಸ್ಟೋ ಹಿನ್ನೀರನ್ನು ಅಗೆಸಿ, ತೆಗೆದ ಹೂಳಿನಿಂದಲೇ ವಿಲ್ಲಿಂಗ್ಡನ್ ದ್ವೀಪ ಮಾಡಿಸಿ ಬಂದರು ಕಟ್ಟಿದ್ದು ಯುದ್ಧದ ಹೊತ್ತಿಗೆ ಸರ್ಕಾರದ ಕೈಗೆ ಒದಗಿತು. 1943ರಲ್ಲಿ ಇಲ್ಲಿ ಎಚ್‌ಎಂಐಎಸ್ ವೆಂಡುರುತ್ತಿ ಎಂಬ ನೆಲೆ ಆರಂಭವಾಯಿತು. ಇವತ್ತಿನ ಐಎನ್‌ಎಸ್ ವೆಂಡುರುತ್ತಿ ಅದೇ.

ಇಲ್ಲೂ ಇಸವಿಯೇ ಮೊದಲ ಜರಡಿ. ರಾಯಲ್ ಇಂಡಿಯನ್ ನೇವಿ ಎಂಬ ಹೆಸರು ಬಂದದ್ದು 1934ರ ಅಕ್ಟೋಬರಿನಲ್ಲಿ, ಅದಕ್ಕೆ ಮುಂಚೆ ಅದು ರಾಯಲ್ ಇಂಡಿಯನ್ ಮರೀನ್. 1950ರ ಜನವರಿ 26ರಂದು ‘ರಾಯಲ್’ ಬಿದ್ದುಹೋಯಿತು, ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು, ಎಚ್‌ಎಂಐಎಸ್ ಹೋಗಿ ಐಎನ್‌ಎಸ್ ಆಯಿತು. ಹಾಗಾಗಿ ಸಿಂಹವಿರುವ ಬಿಲ್ಲೆ ಎಷ್ಟೇ ಮುದಿಯಾಗಿ ಕಂಡರೂ ಅದು ಮಹಾಯುದ್ಧದ್ದಲ್ಲ. ಇನ್ನೊಂದು ಸಂಗತಿ ನಾವಿಕರ ಟೋಪಿಯ ಕಪ್ಪು ಪಟ್ಟಿಯದು. ಹಡಗಿನ ಸುಳಿವು ಶತ್ರುವಿಗೆ ಸಿಗಬಾರದೆಂದು ಬ್ರಿಟಿಷ್ ನೌಕಾಪಡೆ ಯುದ್ಧಕಾಲದಲ್ಲಿ ಆ ಪಟ್ಟಿಯಿಂದ ಹಡಗಿನ ಹೆಸರನ್ನೇ ತೆಗೆದು, ಬರೀ ಎಚ್‌ಎಂಎಸ್ ಎಂದಷ್ಟೇ ಉಳಿಸಿತ್ತು. ‘1942ರ ಪಟ್ಟಿ’ ಎಂದು ಕೊಟ್ಟದ್ದರಲ್ಲಿ ಹಡಗಿನ ಹೆಸರು ಚಿನ್ನದ ದಾರದಲ್ಲಿ ಮಿಂಚುತ್ತಿದ್ದರೆ ಇನ್ನೊಮ್ಮೆ ಯೋಚಿಸಬೇಕು.

ಕಿರೀಟದ ಆಕಾರವೂ ಕಾಲ ಹೇಳುತ್ತದೆ. ಕಮಾನುಗಳು ಗುಮ್ಮಟದಂತೆ ದುಂಡಗೆ ಏರಿದ್ದರೆ ಅದು 1901ರಿಂದ 1952ರವರೆಗಿನ ರಾಜರ ಕಿರೀಟ. ನಡುವೆ ತಗ್ಗಿ ಎರಡು ಭುಜ ಮಾಡಿದಂತಿದ್ದರೆ ರಾಣಿಯದು. ಎಲಿಜಬೆತ್ ರಾಣಿಯ ಕಿರೀಟ ಬಳಕೆಗೆ ಬರುವ ಹೊತ್ತಿಗೆ ಭಾರತ ಗಣರಾಜ್ಯವಾಗಿತ್ತು. ಆದ್ದರಿಂದ ಆ ಕಿರೀಟ ಹೊತ್ತ ‘ಭಾರತೀಯ ಸೇನೆಯ ಬಿಲ್ಲೆ’ ಎಂಬುದೇ ಇರಲಾರದು. ಹೊಸ ಬ್ರಿಟಿಷ್ ಮಾದರಿ ಮುಂದಿಟ್ಟುಕೊಂಡು ಎರಕ ಹೊಯ್ಯುವವರು ಎಡವುವುದು ಇಲ್ಲೇ.

ಪುಸ್ತಕದ ನಿಯಮಗಳು

ಈಗ ಲೋಹಕ್ಕೆ ಬರೋಣ. ಬರ್ಮಿಂಗ್‌ಹ್ಯಾಮಿನ ಗಾಂಟ್, ಲಂಡನ್ನಿನ ಫರ್ಮಿನ್ ಮೊದಲಾದ ಕಂಪನಿಗಳು ಬಿಲ್ಲೆ ಮಾಡುತ್ತಿದ್ದುದು ಉಕ್ಕಿನ ಅಚ್ಚಿನಲ್ಲಿ ಲೋಹದ ತಗಡಿಟ್ಟು ಒತ್ತಿ. ಹೀಗೆ ಒತ್ತಿದ ಬಿಲ್ಲೆಯ ಮುಂದೆ ಎಲ್ಲಿ ಉಬ್ಬಿದೆಯೋ ಹಿಂದೆ ಅಲ್ಲೇ ತಗ್ಗಿರುತ್ತದೆ. ಗೆರೆ ಚೂಪಾಗಿರುತ್ತದೆ, ಅಂಚು ಸ್ವಚ್ಛವಾಗಿರುತ್ತದೆ. ತೂತುಗಳ ಒಳಬದಿಯಲ್ಲಿ ಅರ ಉಜ್ಜಿದ ಗುರುತು ಕಾಣುವುದಿಲ್ಲ.

ನಕಲು ಮಾಡುವವನು ಹೊಸ ಉಕ್ಕಿನ ಅಚ್ಚು ಕೆತ್ತಿಸುವ ಖರ್ಚಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಒಂದು ಅಸಲಿ ಬಿಲ್ಲೆಯನ್ನು ಮರಳಿಗೆ ಒತ್ತಿ, ಆ ಪಡಿಯಚ್ಚಿಗೆ ಕರಗಿದ ಹಿತ್ತಾಳೆ ಹೊಯ್ಯುತ್ತಾನೆ. ಆಗ ಮೈಮೇಲೆ ಮರಳಿನ ಹುಡಿಹುಡಿ ಗುರುತು, ಸಣ್ಣ ಗುಳಿಗಳು ಬೀಳುತ್ತವೆ. ಗೆರೆಗಳು ಕರಗಿದ ಬೆಲ್ಲದಂತೆ ಮೊಂಡಾಗುತ್ತವೆ. ಇನ್ನೊಂದು ಗುಟ್ಟಿದೆ. ಹಿತ್ತಾಳೆ ಆರುವಾಗ ಕುಗ್ಗುತ್ತದೆ, ನೂರಕ್ಕೆ ಒಂದೂವರೆ ಪಾಲು ಎನ್ನಬಹುದು. ಐವತ್ತು ಮಿಲಿಮೀಟರ್ ಎತ್ತರದ ಅಸಲಿಯ ನಕಲು ನಲವತ್ತೊಂಬತ್ತು ಚಿಲ್ಲರೆಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಇಂಜಿನಿಯರಿಂಗ್ ಓದಿದವರೆಲ್ಲರ ಮನೆಯಲ್ಲಿರುವ ವರ್ನಿಯರ್ ಕ್ಯಾಲಿಪರ್ ಹಿಡಿದು ತೋರಿಸುತ್ತದೆ. ಅಸಲಿಯ ಅಳತೆ ಗೊತ್ತಿರಬೇಕು, ಅಷ್ಟೆ.

ಬಿಲ್ಲೆಯ ಹಿಂಬದಿ ಮುಂಬದಿಗಿಂತ ಹೆಚ್ಚು ನಿಜ ಹೇಳುತ್ತದೆ. ಟೋಪಿಗೆ ಸಿಕ್ಕಿಸಲು ಬೆಸೆದ ತಂತಿಯ ಎರಡು ಬಳೆಗಳೋ ಒಂದು ಉದ್ದನೆಯ ಪಟ್ಟಿಯೋ ಇರುತ್ತದೆ. ಆ ಬೆಸುಗೆ ಹೊಳೆಯುತ್ತಿದೆಯೇ, ಅದರ ಸುತ್ತ ಲೋಹ ಹೊಸದಾಗಿ ಕೆರೆದಂತಿದೆಯೇ ನೋಡಬೇಕು. ನಿಜವಾಗಿ ಧರಿಸಿದ ಬಿಲ್ಲೆ ಮುಂದೆ ಮಾತ್ರ ಸವೆಯುತ್ತದೆ. ಸಿಪಾಯಿ ದಿನಾ ಬ್ರಾಸೋ ಹಾಕಿ ತಿಕ್ಕುವುದು ಮುಂಬದಿಯನ್ನು, ಸವೆಯುವುದು ಉಬ್ಬಿದ ಜಾಗ, ಸಂದಿಯಲ್ಲಿ ಪಾಲಿಷಿನ ಬಿಳಿ ಹುಡಿ ಒಣಗಿ ಕೂತಿರುತ್ತದೆ. ಹಿಂದೂ ಮುಂದೂ ಒಂದೇ ಸಮ ಸವೆದಿದ್ದರೆ ಅದನ್ನು ಸವೆಸಿದ್ದು ಸೈನ್ಯವಲ್ಲ, ಉಪ್ಪುಕಾಗದ.

ಗುಂಡಿಗಳಿಗೆ ಬೆಲೆ ಕಡಿಮೆ, ಹಾಗಾಗಿ ನಕಲಿನ ಕಾಟವೂ ಕಡಿಮೆ. ಹಿಂಬದಿಯಲ್ಲಿ ತಯಾರಕರ ಹೆಸರು, ಊರು ಇರುತ್ತದೆ. ಕಂಪನಿಯ ಹೆಸರಿನ ರೂಪ, ವಿಳಾಸ ಕಾಲಕಾಲಕ್ಕೆ ಬದಲಾದದ್ದರಿಂದ ಅದರಿಂದಲೇ ಸರಿಸುಮಾರು ವರ್ಷ ಹೇಳಬಹುದು. ಸಂಗ್ರಹ ಶುರುಮಾಡುವ ವಿದ್ಯಾರ್ಥಿಗಳಿಗೆ ಶಂಖದ ಗುಂಡಿಯೇ ಒಳ್ಳೆಯ ಆರಂಭ.

ನಿಯಮ ಮುರಿಯುವ ಜಾಗ

ಇಷ್ಟು ಕಲಿತವನು ಅಂಗಡಿಗೆ ಹೋಗಿ, ಒರಟು ಎರಕದ ಒಂದು ಬಿಲ್ಲೆ ನೋಡಿ ‘ನಕಲಿ’ ಎಂದು ಬಿಟ್ಟುಬಂದರೆ ಅವನು ಬಿಟ್ಟದ್ದು ಅಸಲಿಯೇ ಆಗಿರಬಹುದು.

1939ರ ನಂತರ ಭಾರತೀಯ ಸೇನೆ ಬೆಳೆದ ವೇಗ ಊಹೆಗೆ ಮೀರಿದ್ದು. ಎರಡು ಲಕ್ಷದ ಆಸುಪಾಸಿನಲ್ಲಿದ್ದ ಸೇನೆ 1945ರ ಹೊತ್ತಿಗೆ ಇಪ್ಪತ್ತೈದು ಲಕ್ಷದಷ್ಟಾಯಿತು. ಇಂಗ್ಲೆಂಡಿನಿಂದ ಬಿಲ್ಲೆ ತರಿಸಲು ಹಡಗಿನಲ್ಲಿ ಜಾಗವಿರಲಿಲ್ಲ. ಅಲ್ಲೇ ತಾಮ್ರ, ಹಿತ್ತಾಳೆಗೆ ಅಭಾವ ಬಂದು ಬ್ರಿಟಿಷ್ ಸೈನಿಕರಿಗೆ ಪ್ಲಾಸ್ಟಿಕ್ ಬಿಲ್ಲೆ ಕೊಡುವ ಸ್ಥಿತಿಯಿತ್ತು. ಇಲ್ಲಿಯ ಪಡೆಗಳು ಹತ್ತಿರದ ಬಜಾರಿಗೆ ಹೋದವು. ಕಂಚುಗಾರನಿಗೆ ಒಂದು ಮಾದರಿ ಕೊಟ್ಟು ನೂರಾರು ಬಿಲ್ಲೆ ಎರಕ ಹೊಯ್ಯಿಸಿದರು. ಭುಜದ ಅಕ್ಷರಗಳೂ ಹಾಗೆಯೇ ಆದವು. ಅವು ಒರಟು, ಅಂಚಿನಲ್ಲಿ ಅರದ ಗುರುತು, ಹಿತ್ತಾಳೆಯ ಬಣ್ಣ ಬ್ರಿಟಿಷ್ ಮಾಲಿಗಿಂತ ಹಳದಿ. ಆದರೂ ಸಿಪಾಯಿ ಟೋಪಿಗೆ ಸಿಕ್ಕಿಸಿಕೊಂಡು ಬರ್ಮಾಕ್ಕೋ ಆಫ್ರಿಕಾಕ್ಕೋ ಹೋದದ್ದು ಅದನ್ನೇ. ಸಂಗ್ರಾಹಕರು ‘ಇಂಡಿಯಾ ಮೇಡ್’ ಎಂದು ಕರೆಯುವ ಈ ಬಿಲ್ಲೆಗಳು ಅಸಲಿಗಳೇ.

ಬಟ್ಟೆಯ ಬಿಲ್ಲೆಗಳದೂ ಇದೇ ಕಥೆ. ಡಿವಿಷನ್ನಿನ ಗುರುತನ್ನು ಪಡೆಯ ದರ್ಜಿ ಕೈಗೆ ಸಿಕ್ಕ ದಾರದಲ್ಲಿ ಹೊಲಿದುಕೊಟ್ಟಿರುತ್ತಾನೆ. ಎರಡು ಒಂದೇ ಥರ ಇರುವುದಿಲ್ಲ. ಇಲ್ಲಿ ನೇರಳಾತೀತ ದೀಪದ ಪರೀಕ್ಷೆ ಹೇಳುತ್ತಾರೆ. ಯುದ್ಧಾನಂತರ ದಾರಕ್ಕೆ ಬೆರೆಸತೊಡಗಿದ ಬಿಳುಪುಕಾರಕಗಳು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ, ಹಳೆಯ ಹತ್ತಿ ಮಂಕಾಗಿಯೇ ಇರುತ್ತದೆ. ಒಳ್ಳೆಯ ಪರೀಕ್ಷೆ, ಆದರೆ ಮನೆಯಲ್ಲಿ ಯಾರೋ ಅಜ್ಜನ ಅಂಗಿಯನ್ನು ಒಮ್ಮೆ ಸೋಪಿನ ಪುಡಿಯಲ್ಲಿ ನೆನೆಸಿ ಒಗೆದಿದ್ದರೂ ಅದು ಹಾಗೆಯೇ ಹೊಳೆಯುತ್ತದೆ. ಇದಕ್ಕಿಂತ ನಂಬಬಹುದಾದದ್ದು ಹಿಂಬದಿಯ ಸಡಿಲ ನೂಲಿನ ಒಂದು ಎಳೆಯನ್ನು ಸುಟ್ಟು ನೋಡುವುದು. ಕರಗಿ ಮಣಿಯಾದರೆ ಪಾಲಿಯೆಸ್ಟರ್, ಯುದ್ಧಕಾಲದ್ದಲ್ಲ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ.

ಕೇರಳದ ಹವೆ ಇನ್ನೊಂದು ಮೋಸ ಮಾಡುತ್ತದೆ. ಇಂಗ್ಲಿಷ್ ಪುಸ್ತಕಕ್ಕೆ ಕಿಲುಬು ಎಂದರೆ ವಯಸ್ಸು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಕೊಚ್ಚಿಯಲ್ಲಿ ಹೊಸ ಹಿತ್ತಾಳೆ ನಾಲ್ಕು ಮಳೆಗಾಲ ಕಂಡರೆ ಸಾಕು, ಮುದಿಯಾಗುತ್ತದೆ. ಅತ್ತ ನಿಜವಾಗಿ ಹಳೆಯದನ್ನು ಮನೆಯವರು ಹುಣಸೆಹಣ್ಣು ಹಚ್ಚಿ ತಿಕ್ಕಿ ದೇವರ ದೀಪದಂತೆ ಹೊಳೆಯಿಸಿ ಇಟ್ಟಿರುತ್ತಾರೆ. ಬಣ್ಣ ನೋಡಿ ವಯಸ್ಸು ಹೇಳುವುದು ಇಲ್ಲಿ ನಡೆಯುವ ಮಾತಲ್ಲ.

ಹಾಗಾದರೆ ಬಜಾರಿನ ಅಸಲಿ ಎರಕವನ್ನೂ ಬಜಾರಿನ ನಕಲಿ ಎರಕವನ್ನೂ ಬೇರ್ಪಡಿಸುವುದು ಹೇಗೆ? ಒಂದೇ ಪುರಾವೆ ಸಾಲದು, ಹಲವು ಸಾಕ್ಷಿಗಳು ಒಂದೇ ಮಾತು ಹೇಳಬೇಕು. ಹೆಸರು ಇಸವಿಗೆ ಹೊಂದಬೇಕು, ಸವೆತ ಧರಿಸಿದ ರೀತಿಗೆ ಹೊಂದಬೇಕು, ಬಳೆಯ ಅಂತರ ಟೋಪಿಯ ತೂತಿಗೆ ಹೊಂದಬೇಕು. ಒಂದೇ ಗುಳಿ, ಒಂದೇ ಸೊಟ್ಟ ಗೆರೆ ಇರುವ ಐದು ಬಿಲ್ಲೆ ಒಂದೇ ತಟ್ಟೆಯಲ್ಲಿದ್ದರೆ ಅವು ಒಂದೇ ತಾಯಿಯ ಮಕ್ಕಳು, ಆ ತಾಯಿ ಎಲ್ಲೋ ಸಿಪಾಯಿಯ ಟೋಪಿಯಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇರಬೇಕು. ಒಂದು ಮನೆಯ ಟ್ರಂಕಿನಿಂದ, ವೇತನ ಪುಸ್ತಕ, ಬಿಡುಗಡೆ ಪತ್ರ, ಫೋಟೋ ಜೊತೆಗೆ ಬಂದ ಒರಟು ಬಿಲ್ಲೆ, ಎಲ್ಲಿಂದಲೋ ಒಂಟಿಯಾಗಿ ಬಂದ ನುಣುಪು ಬಿಲ್ಲೆಗಿಂತ ಎಷ್ಟೋ ಪಾಲು ಮೇಲು.

ಅಚ್ಚು ಅಸಲಿ, ಕಾಲ ನಕಲಿ

ನಕಲಿಗೂ ಜಾತಿಗಳಿವೆ. ಕಳೆದುಹೋದದ್ದಕ್ಕೆ ಬದಲಾಗಿ ಮಾಜಿ ಸೈನಿಕ ತಾನೇ ಮಾಡಿಸಿಕೊಂಡದ್ದು ಒಂದು. ಪ್ರತಿಕೃತಿ ಎಂದು ಹೇಳಿಯೇ ಮಾರುವುದು ಇನ್ನೊಂದು. ಹಳೆಯ ಅಸಲಿ ಅಚ್ಚಿನಲ್ಲೇ ಯುದ್ಧ ಮುಗಿದ ಮೇಲೆ ಮತ್ತೆ ಒತ್ತಿದ್ದು ಮೂರನೆಯದು. ಮೋಸಕ್ಕೆಂದೇ ಮಾಡಿದ್ದು ನಾಲ್ಕನೆಯದು.

ಮೂರನೆಯ ಬಗೆಗೆ ದೊಡ್ಡ ಉದಾಹರಣೆ ಆಜಾದ್ ಹಿಂದ್ ಪದಕಗಳು. ಸುಭಾಷ್ ಚಂದ್ರ ಬೋಸರು ಯುರೋಪಿನಲ್ಲಿದ್ದಾಗ 1942ರಲ್ಲಿ ಆರಂಭಿಸಿದ ಈ ಪದಕಗಳನ್ನು ಮಾಡಿಕೊಟ್ಟದ್ದು ವಿಯೆನ್ನಾದ ರುಡಾಲ್ಫ್ ಸೂವಾಲ್ ಎಂಬ ಕಂಪನಿ. ಯುದ್ಧದ ನಂತರ ಅದೇ ಕಂಪನಿ ಸಂಗ್ರಾಹಕರಿಗಾಗಿ ಅವನ್ನೇ ಮತ್ತೆ ಒತ್ತಿ ಮಾರಿತು. ಅದೇ ಕೈ, ಅದೇ ವಿನ್ಯಾಸ. ಅಳತೆಪಟ್ಟಿ, ಭೂತಗನ್ನಡಿ ಎರಡೂ ಇಲ್ಲಿ ಬಹಳ ಉಪಯೋಗಕ್ಕೆ ಬರುವುದಿಲ್ಲ. ಆದರೆ ಯಾರ ಎದೆಗೂ ಏರದ ಪದಕ ಅದು.

ಕೇರಳದಲ್ಲಿ ಐಎನ್‌ಎ ಸಾಮಾನಿಗೆ ಬೇಡಿಕೆಯಿರುವುದಕ್ಕೆ ಕಾರಣವಿದೆ. ಮಲಯಾ, ಸಿಂಗಾಪುರದಲ್ಲಿ ದುಡಿಯುತ್ತಿದ್ದ ಮಲಯಾಳಿಗಳು ಆ ಹೋರಾಟಕ್ಕೆ ಸೇರಿದ್ದರು. ತಿರುವನಂತಪುರದ ಸಮೀಪದ ವಕ್ಕಂ ಊರಿನ ಅಬ್ದುಲ್ ಖಾದರ್ ಪೆನಾಂಗಿನಲ್ಲಿ ತರಬೇತಿ ಪಡೆದು, 1942ರಲ್ಲಿ ಜಲಾಂತರ್ಗಾಮಿಯಲ್ಲಿ ಬಂದು ಮಲಬಾರಿನ ತಾನೂರಿನ ತೀರದಲ್ಲಿ ಇಳಿದು ಸಿಕ್ಕಿಬಿದ್ದರು. 1943ರ ಸೆಪ್ಟೆಂಬರ್ 10ರಂದು ಮದ್ರಾಸಿನ ಜೈಲಿನಲ್ಲಿ ಅವರಿಗೆ ಗಲ್ಲಾಯಿತು. ಇಂಥವರು ಬಿಟ್ಟುಹೋದ ವಸ್ತುಗಳು ತೀರಾ ಕಡಿಮೆ. ಹಾಗಾಗಿ ‘ಐಎನ್‌ಎ ಬಿಲ್ಲೆ’ ತಟ್ಟೆ ತುಂಬ ಸಿಕ್ಕರೆ ಆ ಸಂಖ್ಯೆಯೇ ಅನುಮಾನಕ್ಕೆ ಸಾಕು.

ಅಂಚಿನಲ್ಲಿರುವ ಹೆಸರು

ಬಿಲ್ಲೆ ಒಂದು ಪಟಾಲಮ್ಮಿನದು, ಪದಕ ಒಬ್ಬ ಮನುಷ್ಯನದು. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲಿನ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಒತ್ತಿರುತ್ತದೆ. ಸೈನಿಕರಿಗೆ ಬೆಳ್ಳಿಯದು. ಕೂಲಿ ದಳದವರಿಗೆ ಕಂಚಿನದು, ಅಂಥವು ಒಟ್ಟು ಒಂದು ಲಕ್ಷದ ಹತ್ತು ಸಾವಿರದಷ್ಟು. ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದ ಪದಕ ಕೊಟ್ಟರು, ಭಾರತೀಯರಿಗೆ ಕೊಟ್ಟ ಹಲವು ಪದಕಗಳಲ್ಲಿ ಹೆಸರು ಉಂಟು. ಬರಹ ಬಾರದ, ಊರಿಗೆ ಕಾಗದ ಬರೆಯದ, ಯಾವ ಚರಿತ್ರೆ ಪುಸ್ತಕದಲ್ಲೂ ಇಲ್ಲದ ಒಬ್ಬನ ಹೆಸರು ಲೋಹದಲ್ಲಿ ಉಳಿದಿರುವ ಒಂದೇ ಜಾಗ ಅದಾಗಿರಬಹುದು.

ಅವರು ಸೇನೆಗೆ ಯಾಕೆ ಹೋದರು ಎಂಬುದನ್ನೂ ನೆನೆಯಬೇಕು. ತಿರುವಾಂಕೂರು, ಕೊಚ್ಚಿ ಎರಡೂ ಉಣ್ಣುತ್ತಿದ್ದುದು ಬರ್ಮಾದ ಅಕ್ಕಿ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋದ ಮೇಲೆ ಅಕ್ಕಿ ನಿಂತಿತು, ಇಲ್ಲಿ ಹಸಿವು ಶುರುವಾಯಿತು. ಸಾಮ್ರಾಜ್ಯದ ಮೇಲಿನ ಪ್ರೀತಿಗಿಂತ ಮನೆಗೆ ಬರುವ ಮನಿಯಾರ್ಡರು ಅನೇಕರನ್ನು ಭರ್ತಿ ಕಚೇರಿಗೆ ಕರೆದೊಯ್ದಿತು.

ಆ ಹೆಸರನ್ನು ಅಳಿಸಿ ಹೆಚ್ಚು ಬೆಲೆ ಬರುವ ಪಡೆಯ ಹೆಸರು ಒತ್ತುವುದು ಈ ವ್ಯಾಪಾರದ ಅತ್ಯಂತ ಕೆಟ್ಟ ಮೋಸ. ಅಂಚು ಅರೆದರೆ ಪದಕ ಸಣ್ಣದಾಗುತ್ತದೆ. ವಾರ್ ಮೆಡಲಿನ ವ್ಯಾಸ 36 ಮಿಲಿಮೀಟರ್, ಅದಕ್ಕಿಂತ ಕಡಿಮೆ ಬಂದರೆ, ಅಕ್ಷರಗಳ ಸುತ್ತ ಮಾತ್ರ ಅಂಚು ತಗ್ಗಿದ್ದರೆ, ಅಲ್ಲಿ ಇನ್ನೊಬ್ಬನಿದ್ದ ಎಂದರ್ಥ. ಅವನು ಯಾರೆಂದು ಇನ್ನು ತಿಳಿಯುವ ದಾರಿಯಿಲ್ಲ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಕರಗಿಹೋದ ಪದಕಗಳದು ಬೇರೆಯೇ ಲೆಕ್ಕ.

ಇದು ನಮಗೆ ಪರರ ಮನೆಯ ಕಥೆಯೂ ಅಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. 1953ರಲ್ಲಿ ಆ ಕುದುರೆ ಪಡೆ 61ನೇ ಕ್ಯಾವಲ್ರಿಯಲ್ಲಿ ಸೇರಿತು, ಮೈಸೂರಿನ ಪದಾತಿ ದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. 1789ರ ಕೊನೆಯಲ್ಲಿ ತಿರುವಾಂಕೂರಿನ ನೆಡುಂಕೋಟೆಯ ಮೇಲೆ ಬಿದ್ದದ್ದು ಟಿಪ್ಪುವಿನ ಮೈಸೂರು ಸೈನ್ಯ. ಆ ಎರಡು ನೆಲಗಳ ಸಿಪಾಯಿಗಳು ಇವತ್ತು ಒಂದೇ ರೆಜಿಮೆಂಟಿನ ಆನೆ ಬಿಲ್ಲೆ ಧರಿಸುತ್ತಾರೆ. ಹೈಫಾದ ನೂರನೇ ವರ್ಷದ ನಂತರ ಗಂಡಭೇರುಂಡದ ಬಿಲ್ಲೆಯ ಮೇಲೂ ಜನರ ಕಣ್ಣು ಬಿದ್ದಿದೆ. ಶಂಖಕ್ಕೆ ಹೇಳಿದ ಎಚ್ಚರಿಕೆಯೆಲ್ಲ ಅದಕ್ಕೂ ಸಲ್ಲುತ್ತದೆ.

ಕೊಳ್ಳುವ ಮುನ್ನ, ಮಾರುವ ಮುನ್ನ

ಕೊಳ್ಳುವವರು ಮೊದಲು ಓದಬೇಕು. ನಾಗಮಯ್ಯನವರ 1906ರ ತಿರುವಾಂಕೂರು ಸ್ಟೇಟ್ ಮ್ಯಾನ್ಯುಯಲ್, ಅಚ್ಯುತ ಮೆನನ್ನರ 1911ರ ಕೊಚ್ಚಿ ಮ್ಯಾನ್ಯುಯಲ್ ಎರಡೂ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಫೋರ್ಟ್ ಕೊಚ್ಚಿಯಲ್ಲಿ ನೌಕಾಪಡೆಯ ವಸ್ತು ಸಂಗ್ರಹಾಲಯವಿದೆ. ಅಂಗಡಿಯಲ್ಲಿ ‘ಇದು ಅಸಲಿಯೇ?’ ಎಂದು ಕೇಳುವ ಬದಲು ‘ಇದು ಯಾವ ಊರಿನ ಮನೆಯಿಂದ ಬಂತು?’ ಎಂದು ಕೇಳಿ. ರಸೀತಿಯಲ್ಲಿ ಕಾಲ ಮತ್ತು ಪಡೆಯ ಹೆಸರು ಬರೆದುಕೊಡಲು ಹೇಳಿ. ಮಾರುವವರು ಬರೆಯಲು ಹಿಂಜರಿದರೆ ಉತ್ತರ ಸಿಕ್ಕಂತೆಯೇ.

ಕಾನೂನೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ತುಂಬಿದ ಇಂಥ ವಸ್ತುಗಳು ಪ್ರಾಚ್ಯವಸ್ತುಗಳಾಗಬಹುದು, ಅವನ್ನು ಖಾಸಗಿಯವರು ವಿದೇಶಕ್ಕೆ ಒಯ್ಯುವಂತಿಲ್ಲ. ಮೊದಲ ಮಹಾಯುದ್ಧದ ಸಾಮಾನು ಈಗ ಆ ಗೆರೆ ದಾಟಿದೆ. ವಿದೇಶಕ್ಕೆ ಹೊರಟ ಗೆಳೆಯರು ಇದನ್ನು ಗಮನಿಸಬೇಕು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಬಿಲ್ಲೆ ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಅಪರಾಧ. ಪೆಟ್ಟಿಗೆಯಲ್ಲಿಟ್ಟು ನೋಡಿ, ಅಂಗಿಗೆ ಸಿಕ್ಕಿಸಿಕೊಂಡು ತಿರುಗುವುದು ಬೇಡ.

ಇನ್ನು ಅಜ್ಜನ ಕಾಲದ ಟ್ರಂಕು ಮನೆಯಲ್ಲಿರುವವರಿಗೆ ಒಂದು ಮಾತು. ಅದು ಮಡಿಕೇರಿಯಾಗಲಿ, ಧಾರವಾಡವಾಗಲಿ, ಕಾಸರಗೋಡಾಗಲಿ, ಅದರಲ್ಲಿರುವ ಬಿಲ್ಲೆ ಪದಕಗಳನ್ನು ತಿಕ್ಕಿ ಹೊಳೆಯಿಸಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಗುಜರಿಯವನಿಗೆ, ಇಲ್ಲಿಯ ಮಾತಿನಲ್ಲಿ ಆಕ್ರಿಕ್ಕಾರನಿಗೆ, ಹಿತ್ತಾಳೆಯ ತೂಕಕ್ಕೆ ಹಾಕಬೇಡಿ. ಪದಕದ ಅಂಚನ್ನು ಬೆಳಕಿಗೆ ಹಿಡಿದು ಓದಿ, ಅಲ್ಲಿರುವ ಸಂಖ್ಯೆ, ಹೆಸರು, ಪಡೆ ಬರೆದುಕೊಳ್ಳಿ. ಮನೆಯ ಹಿರಿಯರಲ್ಲಿ ಯಾರಿಗೆ ನೆನಪಿದೆಯೋ ಅವರನ್ನು ಈ ರಜೆಯಲ್ಲೇ ಕೇಳಿ, ಅವನು ಯಾವ ವರ್ಷ ಹೋದ, ಎಲ್ಲಿದ್ದ, ಯಾವಾಗ ಬಂದ ಎಂದು. ಆ ಚೀಟಿಯನ್ನು ಬಿಲ್ಲೆಯ ಜೊತೆಗೇ ಇಡಿ. ಮುಂದೆ ಅದು ಮನೆಯಲ್ಲೇ ಉಳಿಯಲಿ, ಸಂಗ್ರಹಾಲಯಕ್ಕೆ ಹೋಗಲಿ, ಮಾರಾಟವೇ ಆಗಲಿ, ಅವನ ಹೆಸರು ಬಿಲ್ಲೆಯ ಜೊತೆಗೇ ಹೋಗುತ್ತದೆ.